ಬಾವುಟದ ಗವಸು

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಗೇಣುದ್ದದ ಚರ್ಮದ ಗವಸು. ಅದು ಇರಬೇಕಾಗಿದ್ದದ್ದು ಮಹಾ ದೂರು ಆಯುಕ್ತರ ಸರ್ಕಾರಿ ಕಾರಿನಲ್ಲಿ. ಇದ್ದದ್ದು ಆ ಕಾರಿನ ಡ್ರೈವರನ ಅತ್ತೆಯ ಕೈಚೀಲದಲ್ಲಿ, ಹೊಟ್ಟೆ ತುಂಬ ಹೆಣಿಗೆ ಕಡ್ಡಿಗಳನ್ನು ತುಂಬಿಕೊಂಡು.

ನಿಯಮ ಸರಳ. ಆಯುಕ್ತರು ಕಾರಿನೊಳಗೆ ಇದ್ದರೆ ಬಾನೆಟ್ಟಿನ ಮೇಲಿನ ಪುಟ್ಟ ಬಾವುಟ ಹಾರಾಡುತ್ತಿರಬೇಕು. ಅವರು ಇಳಿದ ಕೂಡಲೇ ಡ್ರೈವರು ಬಾವುಟವನ್ನು ಸುತ್ತಿ ಅದಕ್ಕೆ ಗವಸು ತೊಡಿಸಬೇಕು. ಬಾವುಟ ಹಾರುತ್ತಿದ್ದರೆ ಪೊಲೀಸರು ಸೆಲ್ಯೂಟ್ ಹೊಡೆಯುತ್ತಾರೆ; ಗವಸು ಹಾಕಿದ್ದರೆ ಅದೇ ಪೊಲೀಸರು "ಏಯ್, ಆ ಕಡೆ ನಿಲ್ಸು" ಅನ್ನುತ್ತಾರೆ. ಸಿಬ್ಬಂದಿ ವಸತಿ ಕಟ್ಟಡದಲ್ಲಿ ಎಲ್ಲರ ಬಾಯಲ್ಲೂ ಡ್ರೈವರಣ್ಣನಾಗಿದ್ದ ನಮ್ಮ ಮನುಷ್ಯನಿಗೆ ಈ ನಿಯಮ ಬಾಯಿಪಾಠವಾಗಿತ್ತು. ಗವಸು ಕಾಣೆಯಾದಾಗ ಅವನು ಸೀಟಿನ ಕೆಳಗೆಲ್ಲ ತಡಕಿದ, ಸಿಗಲಿಲ್ಲ. ಹೊಸದು ಕೇಳಿದರೆ ವಾಹನ ಶೆಡ್ಡಿನ ಮೇಲ್ವಿಚಾರಕ ಬೈಯುತ್ತಾನೆಂದು ಸುಮ್ಮನಾದ. ಬಟ್ಟೆಯ ಚೂರು ತಾನೇ, ಹಾರಿಕೊಂಡಿರಲಿ ಅಂದುಕೊಂಡ.

ಸರಿಯಾಗಿ ಅದೇ ವಾರ ಈರುಳ್ಳಿ ಬೆಲೆ ಮುಗಿಲಿಗೇರಿತು. ಕಟ್ಟಡದ ಹೆಂಗಸರೆಲ್ಲ ಸೇರಿ ಸಗಟು ಮಾರುಕಟ್ಟೆಯಿಂದ ಒಂದು ಮೂಟೆ ತರಿಸಿ ಹಂಚಿಕೊಳ್ಳುವುದೆಂದು ತೀರ್ಮಾನಿಸಿದರು. ತರುವವರು ಯಾರು? ಇನ್ಯಾರು, ಡ್ರೈವರಣ್ಣ. ಅವನ ಕಾರು ಬೆಳಗ್ಗೆಯಿಂದ ಸಂಜೆಯವರೆಗೆ ಖಾಲಿ. ಏಕೆಂದರೆ ಆಯುಕ್ತರು ದಿನಾ ಮನೆಯ ಮುಂದೆ ಕಾರು ಹತ್ತಿದವರು ಮೊದಲ ತಿರುವಿನ ಪಾರ್ಕಿನ ಹತ್ತಿರವೇ, "ಇಲ್ಲೇ ನಿಲ್ಸಪ್ಪ, ನಡೆಯೋದು ಆರೋಗ್ಯಕ್ಕೆ ಒಳ್ಳೇದು" ಎಂದು ಇಳಿದುಬಿಡುತ್ತಿದ್ದರು. ಅಲ್ಲಿಂದ ಕಚೇರಿಗೆ ನಡಿಗೆ. ಸಂಜೆಯೂ ನಡಿಗೆ. ಮಳೆ ಬಂದರೆ ಕೊಡೆ, ಬಿಸಿಲಿದ್ದರೂ ಅದೇ ಕೊಡೆ. ಹೀಗಾಗಿ ಕಾರು ಪಕ್ಕದ ಮನೆಯ ಟೈಲರನ ಬಟ್ಟೆಗಂಟು ಹೊತ್ತಿತ್ತು, ಅತ್ತೆಯ ಹಲ್ಲುನೋವಿಗೆ ಆಸ್ಪತ್ರೆ ಕಂಡಿತ್ತು, ಕಟ್ಟಡದ ಹೆಚ್ಚುಕಡಿಮೆ ಎಲ್ಲರನ್ನೂ ಎಲ್ಲೆಲ್ಲಿಗೋ ಮುಟ್ಟಿಸಿತ್ತು. ಯಾರು ಕೇಳಿದರೂ ಇಲ್ಲವೆನ್ನಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ. ಅದೂ ಅಲ್ಲದೆ ತನ್ನ ಡ್ರೈವಿಂಗಿನ ಬಗ್ಗೆ ಅವನಿಗೆ ಹೇಳತೀರದ ಹೆಮ್ಮೆ.

"ನನ್ನ ಗಾಡೀಲಿ ಕೂತ್ರೆ ತೊಟ್ಟಿಲಲ್ಲಿ ಮಲಗಿದ ಹಾಗೆ. ಹತ್ತಿದವರೆಲ್ಲ ಎರಡೇ ನಿಮಿಷಕ್ಕೆ ಕಣ್ಣು ಮುಚ್ಚಿಬಿಡ್ತಾರೆ, ಬೇಕಾದ್ರೆ ಕೇಳಿ," ಎಂದು ಅವನು ಹೇಳುತ್ತಿದ್ದ. ಯಾರೂ ಇಲ್ಲವೆಂದದ್ದಿಲ್ಲ.

ಮಾರುಕಟ್ಟೆಯಲ್ಲಿ ಪತ್ರಿಕೆಯ ಫೋಟೋಗ್ರಾಫರನೊಬ್ಬ ಬೆಲೆಯೇರಿಕೆಯ ಸುದ್ದಿಗೆಂದು ಈರುಳ್ಳಿ ರಾಶಿಯ ಚಿತ್ರ ತೆಗೆದ. ರಾಶಿಯ ಹಿಂದೆ ಡಿಕ್ಕಿಯಿಂದ ಮೂಟೆ ಇಣುಕುತ್ತಿದ್ದ ಕಾರು. ಕಾರಿನ ಮುಂದೆ ಪಟಪಟ ಹಾರುತ್ತಿದ್ದ ಬಾವುಟ.

"ಜನ ಈರುಳ್ಳಿ ಹೆಚ್ಚದೇನೇ ಅಳ್ತಿದ್ದಾರೆ, ಆಯುಕ್ತರು ಕಚೇರಿ ಸಮಯದಲ್ಲಿ ಮೂಟೆ ಸಾಗಿಸ್ತಿದ್ದಾರೆ!" ಎಂದು ಶಾಸನಸಭೆಯಲ್ಲಿ ದಪ್ಪಮೀಸೆಯ ಸದಸ್ಯರೊಬ್ಬರು ಮೇಜು ಕುಟ್ಟಿದರು. ಅವರಿಗೆ ಹಳೇ ಸಿಟ್ಟಿತ್ತು. ಅವರ ಭಾವಮೈದ ಹಾಕಿಸಿದ ನೀರಿನ ಪೈಪು ಬರೀ ಗಾಳಿ ಬಿಡುತ್ತದೆಂದು ಒಂದು ಬೀದಿಯ ಜನ ದೂರು ಕೊಟ್ಟಾಗ, ಆಯುಕ್ತರು ಆ ಇಡೀ ಬೀದಿಯನ್ನು ಅಗೆಸಿ ಹೊಸ ಪೈಪು ಹಾಕಿಸಿದ್ದರು. ಈಗ ಸೇಡು ತೀರಿಸಿಕೊಳ್ಳುವ ಕಾಲ ಬಂದಿತ್ತು. ಕಾರು ಹೆರಿಗೆ ಆಸ್ಪತ್ರೆಯ ಮುಂದೆಯೂ ಕಂಡಿತಂತೆ, ನಾಟಕದ ಥಿಯೇಟರಿನ ಮುಂದೆಯೂ ಕಂಡಿತಂತೆ ಎಂದು ಕಂಡವರೆಲ್ಲ ಒಬ್ಬೊಬ್ಬರಾಗಿ ಹೇಳತೊಡಗಿದರು. ಆಯುಕ್ತರ ಮೇಲೆ ವಾಗ್ದಂಡನೆಯ ಗೊತ್ತುವಳಿ ಬಂತು.

ಅಷ್ಟು ದೊಡ್ಡ ಹುದ್ದೆಯವರನ್ನು ಕಿತ್ತುಹಾಕುವುದು ಸುಲಭವಲ್ಲ. ಕಾನೂನಿನಲ್ಲಿ ಅದಕ್ಕೆ ನಾಲ್ಕೇ ಆಧಾರ: ಲಂಚ, ದೇಶದ್ರೋಹ, ಸಾಬೀತಾದ ದುರ್ನಡತೆ, ಅಸಾಮರ್ಥ್ಯ. ಸಮಿತಿ ಕೂರಬೇಕು, ಸಾಕ್ಷಿ ಕೇಳಬೇಕು, ಆಮೇಲೆ ಸದನದ ಮೂರರಲ್ಲಿ ಎರಡು ಪಾಲು ಜನ ಕೈ ಎತ್ತಬೇಕು. ಡ್ರೈವರನನ್ನು ಕಿತ್ತುಹಾಕಲು ಇವೇನೂ ಬೇಡ. ಶೆಡ್ಡಿನ ಮೇಲ್ವಿಚಾರಕ ಚಹಾ ಕುಡಿಯುತ್ತ "ನಾಳೆಯಿಂದ ಬರಬೇಡ" ಅಂದರೆ ಮುಗಿಯಿತು; ಕೆಲಸದ ಜೊತೆಗೆ ವಸತಿ ಕಟ್ಟಡದ ಮನೆಯೂ ಹೋಯಿತು.

ಆಯುಕ್ತರು ಮಾತ್ರ ಏನು ಕೇಳಿದರೂ "ನಾನು ಹೇಳೋದು ಏನೂ ಇಲ್ಲ" ಎನ್ನುತ್ತಿದ್ದರು. ತಪ್ಪು ಮಾಡದವರು ಬಾಯಿ ಬಿಡುವುದಿಲ್ಲವೇ ಎಂದು ಊರೆಲ್ಲ ಆಡಿಕೊಂಡಿತು. ಡ್ರೈವರಣ್ಣನಿಗೊಬ್ಬನಿಗೇ ನಿಜ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ಅವನು ನಂಬಿದ್ದ. ಸಾಹೇಬರು ತನ್ನನ್ನು ಉಳಿಸಲೆಂದೇ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ! ಈ ಯೋಚನೆ ಬಂದಾಗಿನಿಂದ ಅವನು ತಟ್ಟೆಯ ಅನ್ನವನ್ನು ಹಾಗೇ ಬಿಟ್ಟು ಏಳುತ್ತಿದ್ದ.

ಅವನು ಸಾಕ್ಷಿ ಹೇಳಬೇಕಾದ ಬೆಳಗು ಬಂತು.

ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗಲೇ ಟೈಲರು ಒಳಗೆ ಬಂದ. "ಡ್ರೈವರಣ್ಣ, ಸತ್ಯ ಹೇಳು. ಸತ್ಯಕ್ಕೆ ಸಾವಿಲ್ಲ. ಆದ್ರೆ ನನ್ನ ಬಟ್ಟೆಗಂಟಿನ ವಿಷಯ ಎತ್ತಬೇಡ."

"ಹಾಗಾದ್ರೆ ಅದು ಸತ್ಯ ಹೇಗಾಯ್ತು?"

"ಸತ್ಯಾನೇ. ಸ್ವಲ್ಪ ಕತ್ತರಿಸಿ ಹೊಲಿದದ್ದು ಅಷ್ಟೆ."

ಅವನ ಹಿಂದೆಯೇ ಮೇಲಿನ ಮಹಡಿಯ ಅರ್ಜಿ ತಾತ ಇಳಿದು ಬಂದರು. ನಿವೃತ್ತ ಗುಮಾಸ್ತರು. ನಲ್ಲಿ ಸೋರಿದರೆ ಅರ್ಜಿ, ಪಕ್ಕದ ಮನೆಯವರು ಕೆಮ್ಮಿದರೆ ಅರ್ಜಿ. ಅರ್ಜಿ ಬರೆಯದ ದಿನ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಡ್ರೈವರಣ್ಣನ ಕಾರು ಹತ್ತದ ಏಕೈಕ ನೆರೆಯವರೂ ಅವರೇ. ತತ್ವಕ್ಕೆ ವಿರುದ್ಧ ಎನ್ನುತ್ತಿದ್ದರು.

"ನೋಡಪ್ಪ," ತಾತ ಕುರ್ಚಿ ಎಳೆದುಕೊಂಡು ಕೂತರು. "ಲಂಚ ಇಲ್ಲ, ದೇಶದ್ರೋಹ ಇಲ್ಲ. ಈರುಳ್ಳಿ ಮೂಟೆ ದುರ್ನಡತೆಗೆ ಸೇರುತ್ತೋ ಅಸಾಮರ್ಥ್ಯಕ್ಕೆ ಸೇರುತ್ತೋ ಅನ್ನೋದೇ ಪ್ರಶ್ನೆ."

"ಅಸಾಮರ್ಥ್ಯಕ್ಕೆಲ್ಲ ಕೆಲಸದಿಂದ ತೆಗೀತಾರಾ?" ಅತ್ತೆ ಅಡುಗೆಮನೆಯಿಂದಲೇ ಕೇಳಿದಳು. "ಹಾಗೆ ತೆಗೆಯೋ ಹಾಗಿದ್ರೆ ಈ ಮನೇಲಿ ಗಂಡಸು ಅಂತ ಯಾರೂ ಉಳೀತಿರಲಿಲ್ಲ."

ಹೆಂಡತಿ ತೊಳೆದ ಯೂನಿಫಾರ್ಮು ತಂದುಕೊಟ್ಟಳು. ಅವಳ ಕಣ್ಣು ಕೆಂಪಾಗಿತ್ತು. "ಏನ್ರೀ, ಇದ್ದದ್ದು ಇದ್ದ ಹಾಗೆ ಹೇಳಿಬಿಡಿ. ಮನೆ ಹೋದ್ರೆ ಇನ್ನೊಂದು ಮನೆ ಹುಡುಕೋಣ. ನಿಮ್ಮಿಂದ ಅಷ್ಟು ಒಳ್ಳೆಯವರ ಹೆಸರು ಹಾಳಾಯ್ತು ಅಂತ ಆದ್ರೆ ಆ ಹೊಸ ಮನೇಲೂ ನಿಮಗೆ ನಿದ್ದೆ ಬರಲ್ಲ."

ಡ್ರೈವರಣ್ಣ ಅರ್ಧ ಗಡ್ಡದಲ್ಲೇ ತಲೆಯಾಡಿಸಿದ. ಹೆಂಡತಿ ಹೇಳಿದ್ದು ಸರಿ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಮುಂದಿನ ಎಳೆತಕ್ಕೆ ಗಲ್ಲ ಕೊಯ್ದುಕೊಂಡ.

ಆಯುಕ್ತರ ಮನೆಗೆ ಹೋದರೆ ಅವರು ಕೊಡೆ ಹಿಡಿದು ಆಗಲೇ ಗೇಟಿನ ಹೊರಗೆ ಹೆಜ್ಜೆ ಹಾಕುತ್ತಿದ್ದರು. "ಸಾರ್, ಇವತ್ತಾದ್ರೂ ಕಾರಲ್ಲಿ ಬನ್ನಿ ಸಾರ್. ಎಲ್ಲರೂ ನೋಡ್ತಿರ್ತಾರೆ," ಎಂದು ಬೇಡಿಕೊಂಡ.

"ಬೇಡಪ್ಪ. ಇವತ್ತು ನನ್ನ ಕಾಲು ಗಟ್ಟಿಯಾಗಿರಬೇಕು," ಎಂದು ಅವರು ಬೇಗಬೇಗ ನಡೆದುಬಿಟ್ಟರು. ಡ್ರೈವರಣ್ಣನಿಗೆ ಕಣ್ಣು ತುಂಬಿ ಬಂತು.

ಖಾಲಿ ಕಾರು ಕಟ್ಟಡದ ಮುಂದಿನಿಂದಲೇ ಹಾದುಹೋಗಬೇಕಿತ್ತು. ಅಲ್ಲಿ ಅತ್ತೆ, ಹೆಂಡತಿ, ಟೈಲರು ಮೂವರೂ ಒಳ್ಳೆಯ ಬಟ್ಟೆ ತೊಟ್ಟು ರಸ್ತೆಗಿಳಿದು ನಿಂತಿದ್ದರು.

"ಇಲ್ಲ ಅಂದ್ರೆ ಇಲ್ಲ!" ಜೀವನದಲ್ಲಿ ಮೊದಲ ಸಲ ಡ್ರೈವರಣ್ಣ ಇಲ್ಲವೆಂದ. "ಕಾರು ದುರ್ಬಳಕೆ ಆಗಿದೆ ಅಂತ ವಿಚಾರಣೆ. ಅದಕ್ಕೆ ನಿಮ್ಮನ್ನ ಅದೇ ಕಾರಲ್ಲಿ ಕೂರಿಸ್ಕೊಂಡು ಹೋಗ್ಲಾ?"

"ಹೇಗೂ ಅಲ್ಲಿಗೇ ಹೋಗ್ತಿದೆ, ಹೇಗೂ ಖಾಲಿ ಇದೆ," ಎನ್ನುತ್ತ ಅತ್ತೆ ಬಾಗಿಲು ತೆಗೆದು ಕೂತೇಬಿಟ್ಟಳು. "ಮೂರು ಜನ ಬಸ್ಸಿಗೆ ದಂಡ ತೆರೋದು ಯಾವ ಊರಿನ ಬುದ್ಧಿವಂತಿಕೆ ಅಳಿಯಂದ್ರೇ? ನಡೀರಿ, ನಡೀರಿ." ಅತ್ತೆಯನ್ನು ಕಾರಿನಿಂದ ಎಳೆದು ಇಳಿಸಿದ ಅಳಿಯ ಇನ್ನೂ ಹುಟ್ಟಿಲ್ಲ. ಅವಳ ಪಕ್ಕ ಹೆಂಡತಿ ಕೂತಳು. ಟೈಲರು ಮುಂದಿನ ಸೀಟಿಗೆ ಹತ್ತಿ ಬೆಲ್ಟನ್ನು ಎರಡು ಸಲ ಎಳೆದು ನೋಡಿದ.

ಕಾರು ಹೊರಟಿತು. ಎರಡೇ ನಿಮಿಷಕ್ಕೆ ಮೂವರೂ ಕಣ್ಣು ಮುಚ್ಚಿದರು. ಡ್ರೈವರಣ್ಣ ಕನ್ನಡಿಯಲ್ಲಿ ನೋಡಿ, ಇಂಥ ದಿನದಲ್ಲೂ ಜನಕ್ಕೆ ಹೇಗೆ ನಿದ್ದೆ ಹತ್ತುತ್ತದಪ್ಪ ಎಂದು ಸ್ವಲ್ಪ ಸಮಾಧಾನಪಟ್ಟುಕೊಂಡ. ತುಟಿಗಳು ಅಲುಗುತ್ತಿದ್ದವು, ಏನೋ ಕನಸು ಕಾಣುತ್ತಿರಬೇಕು.

ಶಾಸನಸಭೆಯ ಗೇಟಿನಲ್ಲಿ ಕ್ಯಾಮೆರಾದವರ ದಂಡೇ ನೆರೆದಿತ್ತು. ಕಾರು ಬಂದ ರಭಸಕ್ಕೆ ಅವರು ಅತ್ತ ಅರ್ಧ ಇತ್ತ ಅರ್ಧ ಹಂಚಿಹೋದರು. ಅಲ್ಲೇ ನಿಂತು ಹೇಳಿಕೆ ಕೊಡುತ್ತಿದ್ದ ದಪ್ಪಮೀಸೆಯ ಸದಸ್ಯರು ಹೂವಿನ ಕುಂಡವನ್ನು ಹಾರಿ ಹುಲ್ಲಿನ ಮೇಲೆ ಬಿದ್ದರು. ಹಾರುತ್ತಿದ್ದ ಬಾವುಟ ಕಂಡ ಕಾವಲಿನವನು ಬೂಟು ಕುಟ್ಟಿ ಸೆಲ್ಯೂಟ್ ಹೊಡೆದು ಹಿಂಬಾಗಿಲು ತೆರೆದ. ಒಳಗಿಂದ ಅತ್ತೆ ಇಳಿದಳು. ಸೆಲ್ಯೂಟು ನೋಡಿ ಅವಳಿಗೆ ಏನು ಮಾಡಬೇಕೋ ತೋಚಲಿಲ್ಲ. ಕೈಚೀಲವನ್ನು ಎಡಗೈಗೆ ಬದಲಿಸಿ ತಾನೂ ಒಂದು ಸೆಲ್ಯೂಟ್ ಹೊಡೆದಳು. ಕ್ಯಾಮೆರಾಗಳೆಲ್ಲ ಒಟ್ಟಿಗೆ ಮಿಂಚಿದವು.

"ಮುಗೀತು ಕತೆ," ಎಂದು ಡ್ರೈವರಣ್ಣ ಸ್ಟೀರಿಂಗಿನ ಮೇಲೆ ಹಣೆ ಇಟ್ಟ. ಹಣೆ ತಾಗಿ ಹಾರ್ನು ಕೂಗಿತು, ಇನ್ನಷ್ಟು ಜನ ತಿರುಗಿ ನೋಡಿದರು.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ನೀರಿನ ಲೋಟಗಳು, ಗೋಡೆಗೆ ಒರಗಿ ಸಾರ್ವಜನಿಕರ ಬೆಂಚು. ನಡುವೆ ಅಧ್ಯಕ್ಷೆ: ಬಿಳಿಗೂದಲು, ಮೂಗಿನ ತುದಿಯ ಮೇಲೆ ಕನ್ನಡಕ, ಪೋಕರಿ ತರಗತಿಗಳನ್ನು ಎಷ್ಟೋ ಕಂಡ ಮೇಷ್ಟ್ರಮ್ಮನ ಮುಖ. ಬಲಗಡೆ ದಪ್ಪಮೀಸೆಯವರು, ಮೊಣಕೈಗೆ ಹುಲ್ಲು ಅಂಟಿಕೊಂಡಿತ್ತು. ಎದುರಿನ ಮೂಲೆಯಲ್ಲಿ ಕೊಡೆಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಆಯುಕ್ತರು ತಣ್ಣಗೆ ಕೂತಿದ್ದರು.

ಪ್ರಮಾಣ ಮಾಡಿದ ಡ್ರೈವರಣ್ಣ ಒಂದೇ ಉಸಿರಿಗೆ ಹೇಳಿಬಿಟ್ಟ. "ಈರುಳ್ಳಿ ತಂದೋನು ನಾನು ಅಮ್ಮ. ಆಸ್ಪತ್ರೆಗೆ ಹೋದೋನು ನಾನು, ಥಿಯೇಟರಿಗೆ ಹೋದೋನೂ ನಾನೇ. ಸಾಹೇಬರಿಗೆ ಒಂದೂ ಗೊತ್ತಿಲ್ಲ. ಅವರು ಕಾರಲ್ಲಿ ಇರಲೇ ಇಲ್ಲ. ಬಾವುಟದ ಗವಸು ಕಳೆದುಹೋಗಿತ್ತು, ಅಷ್ಟೆ. ಕಿತ್ತು ಹಾಕೋದಾದ್ರೆ ನನ್ನ ಹಾಕಿ."

ದಪ್ಪಮೀಸೆಯವರು ನಿಧಾನವಾಗಿ ಚಪ್ಪಾಳೆ ತಟ್ಟಿದರು.

"ಆಹಾ! ಸ್ವಾಮಿಭಕ್ತಿ ಅಂದ್ರೆ ಇದು. ಯಜಮಾನರಿಗಾಗಿ ಎಂಥ ಸುಳ್ಳು! ಇಂಥ ಡ್ರೈವರ್ ನನಗೆ ಯಾಕೆ ಸಿಗಲಿಲ್ಲವೋ."

"ಸುಳ್ಳಲ್ಲ ಸಾರ್, ದೇವ್ರಾಣೆ ನಿಜ!"

"ನೋಡಿ, ನೋಡಿ, ಎಷ್ಟು ಚೆನ್ನಾಗಿ ಹೇಳ್ತಾನೆ." ಅವರು ಮುಂದಕ್ಕೆ ಬಾಗಿದರು. "ಸರಿಯಪ್ಪ. ಕಾರಲ್ಲಿ ಕೂತೋರು ಯಾರು? ಒಬ್ಬರ ಕಡೆ ಬೆಟ್ಟು ಮಾಡು."

ಡ್ರೈವರಣ್ಣ ಬೆಂಚಿನ ಕಡೆ ತಿರುಗಿದ. ಟೈಲರು ಬಗ್ಗಿ ಶೂ ಲೇಸು ಕಟ್ಟತೊಡಗಿದ, ಹಾಕಿದ್ದದ್ದು ಚಪ್ಪಲಿ. ಅತ್ತೆ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದಳು. ಹೆಂಡತಿ ಅರ್ಧ ಎದ್ದಳು. "ನಾನು ಕೂತಿದ್ದೀನಿ," ಎಂದಳು.

"ಗಂಡನಿಗೆ ಹೆಂಡತಿ ಸಾಕ್ಷಿ!" ದಪ್ಪಮೀಸೆಯವರು ನಕ್ಕರು. ಮೇಜಿನ ಸುತ್ತ ಇನ್ನೂ ಕೆಲವರು ನಕ್ಕರು. ಸುಳ್ಳು ಹೇಳಿ ಸಿಕ್ಕಿಬೀಳುವುದನ್ನು ಡ್ರೈವರಣ್ಣ ಕೇಳಿದ್ದ. ಸತ್ಯ ಹೇಳಿ ಹೀಗೆ ಸಿಕ್ಕಿಬೀಳಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆಗ ಬಾಗಿಲ ಹತ್ತಿರ ಯಾರೋ ಕೆಮ್ಮಿದರು. ಕಟ್ಟಡದ ಕೆಳಗಿನ ಅಂಗಡಿಯ ಲಾಂಡ್ರಿಯವಳು, ಸೊಂಟದ ಮೇಲೆ ಒಂದು ವರ್ಷದ ಮಗಳು. ಅವಳನ್ನು ಯಾರೂ ಕರೆದಿರಲಿಲ್ಲ. ಅಂಗಡಿ ಮುಚ್ಚಿ ಬಸ್ಸು ಹಿಡಿದು ತಾನೇ ಬಂದಿದ್ದಳು.

"ಹೆರಿಗೆ ಆಸ್ಪತ್ರೆ ಅಂದ್ರಲ್ಲ, ಅದು ನಾನು," ಎಂದಳು. "ಇವಳು ಹುಟ್ಟಿದ್ದು ಆ ಕಾರಿನ ಹಿಂದಿನ ಸೀಟಲ್ಲಿ. ನಮ್ಮನೆ ತನಕ ಆಂಬುಲೆನ್ಸು ಬರಲ್ಲ, ರಸ್ತೆ ಚಿಕ್ಕದು. ಡ್ರೈವರಣ್ಣ ಇಲ್ಲದಿದ್ರೆ ಇವಳೂ ಇಲ್ಲ, ನಾನೂ ಇಲ್ಲ. ಆಯುಕ್ತರು ಆ ದಿನ ಕಾರಲ್ಲಿ ಇದ್ದಿದ್ರೆ ನನಗೆ ನೆನಪಿರ್ತಿತ್ತು. ಅಂಥ ಹೊತ್ತಲ್ಲಿ ಪಕ್ಕದಲ್ಲಿ ಯಾರಿದ್ರು ಅಂತ ಯಾವ ಹೆಂಗಸೂ ಮರೆಯಲ್ಲ."

ಮಗು ದಪ್ಪಮೀಸೆಯನ್ನು ನೋಡಿ ಕಿಲಕಿಲ ನಕ್ಕಿತು. ನಗು ಕೋಣೆಯ ಇನ್ನೊಂದು ಕಡೆಗೆ ತಿರುಗಿತು.

ಟೈಲರು ಶೂ ಇಲ್ಲದ ಲೇಸು ಬಿಟ್ಟು ಎದ್ದು ನಿಂತ. "ಥಿಯೇಟರಿನ ವೇಷದ ಬಟ್ಟೆ ನಂದು. ನಾನು ಹೇಡಿ, ಕ್ಷಮಿಸು ಡ್ರೈವರಣ್ಣ." ಅಷ್ಟರಲ್ಲಿ ಅತ್ತೆ ಕೈಚೀಲಕ್ಕೆ ಕೈ ಹಾಕಿ, ಹೆಣಿಗೆ ಕಡ್ಡಿಗಳ ಸಮೇತ ಚರ್ಮದ ಗವಸನ್ನು ಹೊರತೆಗೆದು ಅಧ್ಯಕ್ಷೆಯ ಮುಂದೆ ಇಟ್ಟಳು. ಅದರ ಮೇಲೆ ಸರ್ಕಾರದ ಮುದ್ರೆ ಥಳಥಳ ಹೊಳೆಯುತ್ತಿತ್ತು.

"ಸೀಟಿನ ಮೇಲೆ ಬಿದ್ದಿತ್ತು. ಕಡ್ಡಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು," ಎಂದಳು.

"ಅತ್ತೇ!" ಡ್ರೈವರಣ್ಣನ ದನಿ ಕೀರಲಾಯಿತು.

"ಕಿರುಚಬೇಡಿ ಅಳಿಯಂದ್ರೇ. ನಿಮ್ಮ ಸ್ವೆಟರೇ ಹೆಣೀತಿದ್ದದ್ದು."

ಅಧ್ಯಕ್ಷೆ ಗವಸನ್ನು ತಿರುಗಿಸಿ ತಿರುಗಿಸಿ ನೋಡಿ ಸಾಕ್ಷ್ಯವೆಂದು ಪಕ್ಕಕ್ಕೆ ಇರಿಸಿದರು. ಡ್ರೈವರಣ್ಣನ ಎದೆ ಹಗುರಾಯಿತು. ಕೆಲಸ ಹೋದರೆ ಹೋಗಲಿ, ಸಾಹೇಬರು ಉಳಿದರಲ್ಲ! ಆದರೆ ದಪ್ಪಮೀಸೆಯವರು ಸೋಲೊಪ್ಪುವ ಪೈಕಿಯಲ್ಲ.

"ಒಂದೇ ಒಂದು ಪ್ರಶ್ನೆ. ಕಾರು ಊರು ಸುತ್ತುವಾಗ ಆಯುಕ್ತರು ಎಲ್ಲಿದ್ರು? ನಡೀತಿದ್ರಂತೆ! ಸರ್ಕಾರ ಕಾರು ಕೊಟ್ಟಿದ್ದರೂ ಮಳೆಯಲ್ಲಿ ನಡೆಯೋ ಮನುಷ್ಯನನ್ನ ಯಾರಾದರೂ ಕಂಡಿದ್ದೀರಾ? ಇದರಲ್ಲಿ ಏನೋ ಗುಟ್ಟಿದೆ. ಅವರೇ ಹೇಳಲಿ."

ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿದರು. "ಆಯುಕ್ತರೇ, ಈಗ ನೀವು ಬಾಯಿ ಬಿಡಲೇಬೇಕು."

ಆಯುಕ್ತರು ಎದ್ದರು. ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಡ್ರೈವರಣ್ಣನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದರು.

"ನನಗೆ ಭಯ," ಎಂದರು.

"ಯಾರ ಭಯ? ಬೆದರಿಕೆ ಬಂದಿತ್ತಾ?"

"ಇಲ್ಲ. ಇವನ ಡ್ರೈವಿಂಗಿನ ಭಯ."

ಆಯುಕ್ತರು ಕಷ್ಟಪಟ್ಟು ಮುಂದುವರಿಸಿದರು. "ಮೊದಲ ದಿನ ಕಚೇರಿ ಮುಂದೆ ಇಳಿದಾಗ ಕಾರಿನ ಬಾಗಿಲ ಹಿಡಿ ನನ್ನ ಕೈಯಲ್ಲೇ ಇತ್ತು. ಅಷ್ಟು ಬಿಗಿಯಾಗಿ ಹಿಡಿದಿದ್ದೆ. ಎರಡನೇ ದಿನದಿಂದ ಪಾರ್ಕಿನ ಹತ್ತಿರ ಇಳಿಯೋಕೆ ಶುರು ಮಾಡಿದೆ. ಅಲ್ಲೀತನಕ ರಸ್ತೆ ನೇರ, ಹೇಗೋ ತಡ್ಕೋಬಹುದು. ತಿರುವು ಮಾತ್ರ ನನ್ನಿಂದ ಆಗಲ್ಲ."

"ಡ್ರೈವರನ್ನ ಬದಲಾಯಿಸಬಹುದಿತ್ತಲ್ಲ?" ಅಧ್ಯಕ್ಷೆ ಕೇಳಿದರು.

"ಮೊದಲ ದಿನವೇ ಇವನು 'ಹೇಗಿತ್ತು ಸಾರ್, ತೊಟ್ಟಿಲ ಹಾಗಿತ್ತಾ?' ಅಂತ ಕೇಳಿದ. ಆ ಮುಖದಲ್ಲಿದ್ದ ಸಂತೋಷ ನೋಡಿ ನನಗೆ ಹೇಳೋಕೆ ಬಾಯಿ ಬರಲಿಲ್ಲ. ಒಬ್ಬ ಮನುಷ್ಯನ ಹೆಮ್ಮೆ ಅದು. ನನ್ನ ಹುದ್ದೆ ಹೋದರೆ ಇನ್ನೊಬ್ಬರು ಬರ್ತಾರೆ. ಇವನ ಹೆಮ್ಮೆ ಹೋದರೆ ನಾನು ಎಲ್ಲಿಂದ ತಂದುಕೊಡಲಿ?"

ಡ್ರೈವರಣ್ಣ ನಿಧಾನವಾಗಿ ಬೆಂಚಿನ ಕಡೆ ತಿರುಗಿ, "ನೀವಾದ್ರೂ ಹೇಳಿ. ನಿಮಗೆಲ್ಲ ನಿದ್ದೆ ಬರ್ತಿತ್ತಲ್ವಾ?" ಎಂದು ಕೇಳಿದ.

ಟೈಲರು ಮತ್ತೆ ಲೇಸಿಗಾಗಿ ಬಗ್ಗಿದ. "ಪ್ರಾರ್ಥನೆ ಮಾಡ್ತಿದ್ದೆ ಡ್ರೈವರಣ್ಣ."

"ನನಗೆ ಬರೋ ದೇವರ ಹೆಸರೆಲ್ಲ ಮುಗಿದುಹೋಗಿ ಇತ್ತೀಚೆಗೆ ನೆಂಟರ ಹೆಸರು ಹೇಳ್ತಿದ್ದೆ," ಎಂದಳು ಅತ್ತೆ.

ಅವನು ಲಾಂಡ್ರಿಯವಳನ್ನು ನೋಡಿದ. ಅವಳು ಮಗುವಿನ ಕೂದಲು ಸರಿಮಾಡುತ್ತ ಸಂಕೋಚದಿಂದ ಹೇಳಿದಳು: "ಅವತ್ತು ಬರೀ ತಪಾಸಣೆಗೆ ಹೊರಟಿದ್ದೆ ಅಣ್ಣ. ಡಾಕ್ಟ್ರು ಇನ್ನೂ ಎರಡು ವಾರ ಇದೆ ಅಂದಿದ್ರು."

ಕೊನೆಗೆ ಅವನ ಕಣ್ಣು ಹೆಂಡತಿಯ ಮೇಲೆ ನಿಂತಿತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಭುಜ ಕುಣಿಸುತ್ತಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡ. ಭೂಮಿಯ ಬದಲು ಅಧ್ಯಕ್ಷೆ ಬಾಯಿ ಬಿಟ್ಟರು.

"ಕಾನೂನಿನಲ್ಲಿ ಆಧಾರಗಳು ನಾಲ್ಕು. ಭಯ ಅದರಲ್ಲಿಲ್ಲ, ಸಂಕೋಚವೂ ಇಲ್ಲ. ಗೇಟಿನ ಹತ್ತಿರ ನಮ್ಮ ಮಾನ್ಯ ಸದಸ್ಯರು ಕುಂಡ ಹಾರಿದ್ದನ್ನು ನಾನೇ ಕಿಟಕಿಯಿಂದ ನೋಡಿದ್ದೇನೆ. ಆದ್ದರಿಂದ ಆಯುಕ್ತರ ಭಯ ಸಕಾರಣವಾದದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆರೋಪ ಬಿದ್ದುಹೋಗಿದೆ."

ಬೆಂಚಿನವರೆಲ್ಲ ಎದ್ದು ಚಪ್ಪಾಳೆ ಹೊಡೆದರು. ಹೊಸ ಪೈಪಿನ ನೀರು ಕುಡಿಯುವ ಬೀದಿಯವರು ನಾಲ್ಕಾರು ಜನ ಬಾಗಿಲಲ್ಲಿ ನಿಂತಿದ್ದರು, ಅವರು ಕೇಕೆಯನ್ನೇ ಹಾಕಿದರು. ದಪ್ಪಮೀಸೆಯವರು ಮೊಣಕೈಯ ಹುಲ್ಲು ಕೊಡವಿದರು.

"ಇನ್ನು ಡ್ರೈವರನ ವಿಷಯ," ಎಂದರು ಅಧ್ಯಕ್ಷೆ. ಚಪ್ಪಾಳೆ ನಿಂತಿತು. ಆಯುಕ್ತರು ಅಧ್ಯಕ್ಷೆಯ ಹತ್ತಿರ ಹೋಗಿ ಮೆಲ್ಲಗೆ ಏನೋ ಹೇಳಿದರು. ಅಧ್ಯಕ್ಷೆ ಮಗುವನ್ನು ನೋಡಿದರು, ಗವಸನ್ನು ನೋಡಿದರು, ನಿಟ್ಟುಸಿರು ಬಿಟ್ಟರು. "ಆಯಿತು. ಕೆಲಸದಲ್ಲಿ ಇರಲಿ. ಆದರೆ ಇಂದಿನಿಂದ ಆಯುಕ್ತರಿಲ್ಲದೆ ಆ ಕಾರು ಒಂದು ಹೆಜ್ಜೆಯೂ ಕದಲಕೂಡದು. ಕೆಲಸದ ಮೇಲೆ ಹೋಗುವಾಗ ಕಾರು ಬಿಟ್ಟು ಆಯುಕ್ತರೂ ಒಂದು ಹೆಜ್ಜೆ ನಡೆಯಕೂಡದು. ಇದು ಆದೇಶ."

ಡ್ರೈವರಣ್ಣನಿಗೆ ಜೀವ ಬಂತು. ಆಯುಕ್ತರಿಗೆ ಜೀವ ಹೋಯಿತು.

ಸಂಜೆ ಮನೆಯವರೆಲ್ಲ ಸಂತೋಷದಿಂದ ಬಸ್ಸು ಹಿಡಿದರು. ಅವರು ಅಷ್ಟು ಸಂತೋಷದಿಂದ ಬಸ್ಸು ಹತ್ತಿದ್ದನ್ನು ಡ್ರೈವರಣ್ಣ ಹಿಂದೆಂದೂ ನೋಡಿರಲಿಲ್ಲ. ಅಂಗಳದಲ್ಲಿ ಕಾರಿನ ಜೊತೆ ಅವನು ಮತ್ತು ಆಯುಕ್ತರು ಉಳಿದರು.

"ನೀವು ಹೇಳಬಹುದಿತ್ತು ಸಾರ್," ಎಂದ ಡ್ರೈವರಣ್ಣ.

"ಹೇಳಬೇಕಿತ್ತು. ತಪ್ಪು ನಂದೇ," ಎಂದರು ಆಯುಕ್ತರು. "ಊರಿನವರ ದೂರೆಲ್ಲ ಕೇಳೋ ನಾನು ನನ್ನದೊಂದು ದೂರು ಹೇಳೋಕೆ ಹೆದರಿದೆ. ಇರಲಿ ಬಿಡು. ಯಾವ ವಿದ್ಯೆಯನ್ನಾದರೂ ಇನ್ನೊಂದು ಸಲ ಕಲೀಬಹುದು. ಬೀಗದ ಕೈ ಕೊಡು. ನೀನು ಹಿಂದೆ ಕೂತು ನೋಡು, ನಾನು ತಿರುವು ಹೇಗೆ ತಗೋತೀನಿ ಅಂತ."

ಡ್ರೈವರಣ್ಣ ಬೇಡವೆಂದ, ಕೈ ಮುಗಿದ. ಆಯುಕ್ತರು ಕೇಳಲಿಲ್ಲ. ಕೊನೆಗೆ ಅವನು ಹಿಂದಿನ ಸೀಟಿನ ತುದಿಯಲ್ಲಿ, ಪರರ ಮನೆಗೆ ಬಂದ ಬೆಕ್ಕಿನ ಹಾಗೆ ಕೂತ. ಕಾರು ಸದ್ದಿಲ್ಲದೆ ಹೊರಟಿತು. ಮರಗಳು ಒಂದೊಂದಾಗಿ ಹಿಂದೆ ಸರಿದವು; ಮರಗಳಿಗೆ ಎಲೆಗಳಿರುತ್ತವೆ ಎಂಬುದು ಆ ರಸ್ತೆಯಲ್ಲಿ ಅವನಿಗೆ ಮೊದಲ ಬಾರಿ ಕಂಡಿತು. ತಿರುವು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ತಾನು ಇಷ್ಟು ವರ್ಷ ಹೇಳಿಕೊಂಡು ಬಂದ ತೊಟ್ಟಿಲು ಇದೇ ಇರಬೇಕು ಎಂದು ಅವನಿಗೆ ಅರ್ಥವಾಯಿತು. ನಾಚಿಕೆಯಾಯಿತು, ಆದರೆ ನಾಚಿಕೆಯ ಕೆಳಗೆ ಏನೋ ಹಿತವೂ ಇತ್ತು. ಕಲಿಯುತ್ತೇನೆ, ಖಂಡಿತ ಕಲಿಯುತ್ತೇನೆ ಎಂದುಕೊಳ್ಳುತ್ತಲೇ ಬೆಳಗಿನ ಸುಸ್ತಿಗೆ ಸೀಟಿಗೊರಗಿ, ಬಾಯಿ ತೆರೆದು, ನಿಜವಾಗಿಯೂ ನಿದ್ದೆ ಹೋದ.

ಕಾರು ವಸತಿ ಕಟ್ಟಡದ ಮುಂದೆ ನಿಂತಿತು. ಗವಸು ಸಾಕ್ಷ್ಯವಾಗಿ ಸಮಿತಿಯ ಬೀರು ಸೇರಿತ್ತು. ಆದ್ದರಿಂದ ಬಾವುಟ ಸಂಜೆಯ ಗಾಳಿಗೆ ಪಟಪಟ ಹಾರುತ್ತಲೇ ಇತ್ತು. ಆಯುಕ್ತರು ಇಳಿದು ಬಂದು, ಪಾಪ ದಣಿದಿದ್ದಾನೆ ಎಂದು ಹಿಂಬಾಗಿಲನ್ನು ತಾವೇ ಮೆಲ್ಲಗೆ ತೆರೆದರು.

ಮೇಲಿನ ಮಹಡಿಯಲ್ಲಿ ಫೋನಿನ ಕ್ಯಾಮೆರಾ ಕ್ಲಿಕ್ ಎಂದಿತು. ಅರ್ಜಿ ತಾತನಿಗೆ ಆ ದಿನ ಇನ್ನೂ ಒಂದು ಅರ್ಜಿಯೂ ಆಗಿರಲಿಲ್ಲ.

ಡ್ರೈವರಣ್ಣನಿಗೆ ಎಚ್ಚರವಾದದ್ದು ಫೋನಿನ ಗಂಟೆಗೆ. ಆಯುಕ್ತರು ಬಾಗಿಲು ಹಿಡಿದೇ ಕಿವಿಗೆ ಫೋನಿಟ್ಟು "ಹೌದು... ಹೌದು... ಇಷ್ಟು ಬೇಗ?" ಎನ್ನುತ್ತಿದ್ದರು. ಮಾತು ಮುಗಿಸಿ ಅವನ ಪಕ್ಕ ಸೀಟಿನಲ್ಲಿ ಕುಸಿದು ಕೂತರು.

"ಯಾರು ಸಾರ್?"

"ಅಧ್ಯಕ್ಷೆ. ಫೋಟೋ ಆಗಲೇ ದಪ್ಪಮೀಸೆಯವರ ಕೈ ಸೇರಿದೆಯಂತೆ. ನಾಳೆ ಬೆಳಗ್ಗೆ ಸಮಿತಿ ಮತ್ತೆ ಸೇರುತ್ತೆ."

"ಮತ್ತೆ ವಾಗ್ದಂಡನೇನಾ? ಈಗ ಯಾವ ಆಧಾರ ಸಾರ್?"

"ಬಾವುಟ ಹಾರುವಾಗ ತಮ್ಮ ಡ್ರೈವರನಿಗೆ ತಾವೇ ಡ್ರೈವರಾಗಿ, ಅವನಿಗೆ ಬಾಗಿಲು ತೆರೆದು, ಹುದ್ದೆಯ ಘನತೆ ಕಳೆದಿದ್ದಾರೆ ಅಂತ. ದುರ್ನಡತೆ. ಈ ಸಲ ಸಾಬೀತೂ ಆಗಿದೆ." ಅವರು ನಗಲು ಹೋಗಿ ನಿಲ್ಲಿಸಿದರು. "ನೀನೇ ಮೊದಲ ಸಾಕ್ಷಿ."

ಡ್ರೈವರಣ್ಣ ಬಹಳ ಹೊತ್ತು ತಲೆ ಕೆರೆದುಕೊಂಡ. "ಹಾಗಾದ್ರೆ ನಾಳೆ ಅಲ್ಲಿಗೆ ಹೋಗೋದು ಹೇಗೆ ಸಾರ್? ನೀವು ನಡೆಯೋ ಹಾಗಿಲ್ಲ, ಆದೇಶ ಇದೆ. ನೀವು ಓಡಿಸೋ ಹಾಗಿಲ್ಲ, ದುರ್ನಡತೆ ಆಗುತ್ತೆ. ಇನ್ನು ನಾನು ಓಡಿಸಿದ್ರೆ..."

ಆಯುಕ್ತರ ಕೈ ತಾನಾಗಿಯೇ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿಯಿತು. ಅವರು ಯೋಚಿಸಿದರು. ಆಮೇಲೆ ಅವರ ಮುಖ ಅರಳಿತು.

"ಒಂದು ದಾರಿ ಇದೆಯಪ್ಪ. ನಾನು ಒಳಗೆ ಕೂತ್ಕೋತೀನಿ, ಬಾವುಟ ಹಾರ್ತಿರಲಿ. ನೀನು ಇಂಜಿನ್ ಮಾತ್ರ ಹಚ್ಚಬೇಡ. ಹಿಂದಿನಿಂದ ತಳ್ಕೊಂಡು ಬಾ," ಎಂದರು. "ನಿನ್ನ ಆ ವೇಗ ನನಗೆ ಒಪ್ಪಿಗೆ."